ಹಡಗಿನವರ ಕೈಗೆ ನೋಟೋ, ಉಡುಗೊರೆಯೋ?

ಪ್ರಶ್ನೆ: ನಾನು, ನನ್ನ ಗಂಡ, ಹತ್ತು ವರ್ಷದ ಮಗ ಮತ್ತು ಅತ್ತೆ, ಹೀಗೆ ನಾಲ್ಕು ಜನ ಮೊದಲ ಸಲ ಕ್ರೂಸ್ ಹಡಗಿನಲ್ಲಿ ಏಳು ರಾತ್ರಿಯ ಪ್ರವಾಸ ಹೊರಟಿದ್ದೇವೆ. ಟಿಕೆಟ್ ಹಣವೆಲ್ಲ ಕಟ್ಟಿಯಾದ ಮೇಲೆ ನೋಡಿದರೆ, ತಲೆಗೆ ದಿನಕ್ಕೆ 18 ಡಾಲರ್ ‘ಗ್ರಾಚ್ಯುಯಿಟಿ’, ಅಂದರೆ ಹಡಗಿನ ಸಿಬ್ಬಂದಿಗೆ ಹೋಗುವ ಬಕ್ಷೀಸು, ಬೇರೆ ಎಂದು ಬರೆದಿದೆ. ಒಟ್ಟು 504 ಡಾಲರ್ ಆಗುತ್ತದೆ. ಹಡಗು ಹತ್ತಿದ ಮೇಲೆ ಕೌಂಟರಿಗೆ ಹೋಗಿ ಅದನ್ನು ತೆಗೆಸಿ, ನಮಗೆ ಕೆಲಸ ಮಾಡಿಕೊಟ್ಟವರ ಕೈಗೇ ಹಣ ಕೊಡಬಹುದು ಎಂದು ಹೋಗಿಬಂದವರೊಬ್ಬರು ಹೇಳಿದರು. ಅತ್ತೆಯವರಿಗೆ ಕ್ರೋಶಾ ಹೆಣೆಯುವ ಹವ್ಯಾಸ. ನೋಟು ಕೈಗಿಟ್ಟರೆ ಅವಮಾನ ಮಾಡಿದ ಹಾಗೆ, ಅದರ ಬದಲು ಕೈಯಾರೆ ಹೆಣೆದದ್ದನ್ನೂ ಒಂದಿಷ್ಟು ಚಾಕೊಲೇಟನ್ನೂ ಕೊಡೋಣ ಎನ್ನುತ್ತಾರೆ. ಯಾವುದು ಸರಿ? ಯಾರಿಗೆ, ಯಾವಾಗ, ಎಷ್ಟು ಕೊಡಬೇಕು?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆ 504 ಡಾಲರ್ ತೆಗೆಸಲು ಹೋಗಬೇಡಿ, ಇದ್ದ ಹಾಗೇ ಇರಲಿ. ಅದರ ಮೇಲೆ, ನಿಮಗೆ ನಿಜವಾಗಿ ಅನುಕೂಲ ಮಾಡಿಕೊಟ್ಟ ಮೂರು ನಾಲ್ಕು ಜನರಿಗೆ ಒಂದಿಷ್ಟು ನೋಟು ಕೊಡಿ. ಅತ್ತೆಯವರ ಕ್ರೋಶಾವನ್ನೂ ಧಾರಾಳವಾಗಿ ಕೊಡಿ. ಆದರೆ ನೋಟಿನ ಜೊತೆಗೆ ಕೊಡಿ, ನೋಟಿನ ಜಾಗದಲ್ಲಿ ಕೊಡಬೇಡಿ.

ನಾನು ಒಂಬತ್ತು ವರ್ಷ ಕ್ರೂಸ್ ಹಡಗುಗಳಲ್ಲಿ ದುಡಿದವನು. ಮೊದಲ ಐದು ವರ್ಷ ಕ್ಯಾಬಿನ್ ಸ್ಟೀವರ್ಡ್ ಆಗಿದ್ದೆ, ಅಂದರೆ ನಿಮ್ಮ ಹಾಸಿಗೆ ಸರಿಮಾಡಿ, ಬಚ್ಚಲು ತೊಳೆದು, ರಾತ್ರಿ ಟವೆಲಿನಲ್ಲಿ ಆನೆಯನ್ನೋ ಕೋತಿಯನ್ನೋ ಮಡಚಿಟ್ಟು ಹೋಗುವ ಹುಡುಗ. ಆಮೇಲೆ ನಾಲ್ಕು ವರ್ಷ ಗೆಸ್ಟ್ ಸರ್ವಿಸಸ್ ಕೌಂಟರಿನ ಹಿಂದೆ ನಿಂತೆ. ಪ್ರಯಾಣಿಕರ ಕೈಯಿಂದ ಕವರು ಇಸಿದುಕೊಂಡವನೂ ನಾನೇ, ‘ಈ ಟಿಪ್ಸ್ ತೆಗೆದುಹಾಕಿ’ ಎಂದವರ ಮುಂದೆ ಕಂಪ್ಯೂಟರಿನ ಗುಂಡಿ ಒತ್ತಿದವನೂ ನಾನೇ. ಹಾಗಾಗಿ ಎರಡೂ ಕಡೆಯ ಮಾತು ಗೊತ್ತಿದೆ.

ಈ 18 ಡಾಲರ್ ಎಲ್ಲಿಂದ ಬಂತು ಅನ್ನುವುದರಿಂದ ಶುರು ಮಾಡೋಣ. ಹಿಂದೆ ಹಡಗಿನ ಊಟಕ್ಕೆ ಹೊತ್ತು, ಮೇಜು, ಬಡಿಸುವವರು ಎಲ್ಲ ನಿಗದಿಯಾಗಿರುತ್ತಿತ್ತು. ಪ್ರವಾಸ ಮುಗಿಯುವವರೆಗೂ ಅದೇ ವೇಟರ್, ಅದೇ ಅಸಿಸ್ಟೆಂಟ್ ವೇಟರ್. ಕೊನೆಯ ರಾತ್ರಿ ಕ್ಯಾಬಿನ್ನಿನಲ್ಲಿ ಚಿಕ್ಕ ಚಿಕ್ಕ ಕಾಗದದ ಕವರು ಇಟ್ಟಿರುತ್ತಿದ್ದರು. ಪ್ರಯಾಣಿಕರು ಅದರೊಳಗೆ ನೋಟು ಹಾಕಿ ಅವರವರ ಕೈಗೆ ಕೊಡುತ್ತಿದ್ದರು. 2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಎಂಬ ಪದ್ಧತಿ ತಂದಿತು. ಬೇಕಾದ ಹೊತ್ತಿಗೆ, ಬೇಕಾದ ಹೋಟೆಲಿನಲ್ಲಿ, ಬೇಕಾದ ಮೇಜಿನಲ್ಲಿ ಊಟ. ಇವತ್ತು ಬಡಿಸಿದವನು ನಾಳೆ ಕಣ್ಣಿಗೇ ಬೀಳುವುದಿಲ್ಲ ಎಂದ ಮೇಲೆ ಕವರು ಯಾರಿಗೆ ಕೊಡುವುದು? ಆಗ ತಲೆಗೆ ದಿನಕ್ಕೆ ಇಷ್ಟು ಎಂದು ಪ್ರಯಾಣಿಕರ ಖಾತೆಗೇ ಹಾಕುವ ಪದ್ಧತಿ ಬಂತು. ಉಳಿದ ದೊಡ್ಡ ಕಂಪನಿಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು. ಈಗ ಅಮೆರಿಕದ ಪ್ರಯಾಣಿಕರನ್ನು ನೆಚ್ಚಿಕೊಂಡ ಕಂಪನಿಗಳಲ್ಲಿ ಸಾಮಾನ್ಯ ಕ್ಯಾಬಿನ್ನಿಗೆ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಇದೆ, ‘ಸೂಟ್’ ಎನ್ನುವ ದೊಡ್ಡ ಕ್ಯಾಬಿನ್‌ಗಳಿಗೆ ಅದಕ್ಕಿಂತ ಹೆಚ್ಚು. ಎರಡು ಮೂರು ವರ್ಷದೊಳಗಿನ ಮಕ್ಕಳಿಗೆ ಹಲವು ಕಂಪನಿಗಳು ಹಾಕುವುದಿಲ್ಲ. ನಿಮ್ಮ ಮಗನಿಗೆ ಆ ವಿನಾಯಿತಿ ಸಿಗದು.

ಆ ಹಣ ಸ್ಟೀವರ್ಡ್, ವೇಟರ್, ಅವರ ಸಹಾಯಕರು ಇವರಿಗಷ್ಟೇ ಹೋಗುತ್ತದೆ ಎಂದುಕೊಳ್ಳಬೇಡಿ. ಬಫೆಯಲ್ಲಿ ತಟ್ಟೆ ಎತ್ತುವವರು, ಲಾಂಡ್ರಿಯವರು, ಗ್ಯಾಲಿಯ, ಅಂದರೆ ಹಡಗಿನ ಅಡುಗೆಮನೆಯ, ಹಿಂಭಾಗದಲ್ಲಿ ಪಾತ್ರೆ ಬೆಳಗುವವರು, ಹೀಗೆ ನೀವು ಒಂದು ಸಲವೂ ಮುಖ ನೋಡದ ಜನರಿಗೂ ಬಹಳಷ್ಟು ಕಂಪನಿಗಳಲ್ಲಿ ಅದರಿಂದ ಪಾಲು ಹೋಗುತ್ತದೆ. ನಾನಿದ್ದ ಮೊದಲ ಹಡಗಿನ ಲಾಂಡ್ರಿ ನೀರಿನ ಮಟ್ಟದಿಂದ ಕೆಳಗಿತ್ತು. ಅಲ್ಲಿನವರಿಗೆ ಹಗಲು ರಾತ್ರಿ ಗೊತ್ತಾಗುತ್ತಿದ್ದುದು ಗಡಿಯಾರದಿಂದ ಮಾತ್ರ. ಅವರ ಕೈಗೆ ಕವರು ಕೊಡಲು ಯಾವ ಪ್ರಯಾಣಿಕನೂ ಇಳಿದು ಬರಲಾರ.

ಇನ್ನು ದುಡಿಮೆಯ ಲೆಕ್ಕ. ಹೋಟೆಲ್ ವಿಭಾಗದವರ ಕಾಂಟ್ರಾಕ್ಟ್ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟು ದಿನವೂ ವಾರದ ರಜೆ ಅನ್ನುವುದೇ ಇಲ್ಲ. ಹಡಗಿನ ಕಾರ್ಮಿಕರಿಗೆ ಅಂತ 2006ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2013ರ ಆಗಸ್ಟಿನಲ್ಲಿ ಜಾರಿಗೆ ಬಂತು. ಅದು ಕೊಡುವ ರಕ್ಷಣೆ ಏನೆಂದರೆ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ. ವಾರಕ್ಕಿರುವುದು 168 ಗಂಟೆ. ಕಳೆದು ನೋಡಿ, ಎಷ್ಟು ಹೊತ್ತು ದುಡಿಸಲು ಜಾಗ ಉಳಿದಿದೆ ಎಂದು ನಿಮಗೇ ತಿಳಿಯುತ್ತದೆ. ಎಷ್ಟೋ ಕಂಪನಿಗಳಲ್ಲಿ ಸ್ಟೀವರ್ಡಿನ ಮೂಲ ಸಂಬಳ ಅನ್ನುವುದು ಹೆಸರಿಗೆ. ಮನೆಗೆ ಕಳಿಸುವ ಹಣದ ದೊಡ್ಡ ಭಾಗ ಬರುವುದು ಈ ಗ್ರಾಚ್ಯುಯಿಟಿಯ ಪಾಲಿನಿಂದಲೇ. ಅದನ್ನು ಬಕ್ಷೀಸು ಎಂದು ಕರೆಯುತ್ತಾರೆ ಅಷ್ಟೇ, ಇರುವುದು ಸಂಬಳದ ಜಾಗದಲ್ಲಿ.

‘ಹಾಗಾದರೆ ಸಂಬಳವನ್ನು ಕಂಪನಿಯೇ ಕೊಡಲಿ, ನನ್ನ ತಲೆಗೇಕೆ ಕಟ್ಟುತ್ತದೆ?’ ಎಂದು ನಿಮಗೆ ಸಿಟ್ಟು ಬಂದರೆ ಆ ಸಿಟ್ಟು ನ್ಯಾಯವಾದದ್ದೇ. ನನಗೂ ಇದೆ. ಬೇರೆ ದಾರಿ ಇಲ್ಲವೆಂದೂ ಅಲ್ಲ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರಲ್ಲಿ ದಿನದ ಸರ್ವಿಸ್ ಚಾರ್ಜನ್ನೇ ಕೈಬಿಟ್ಟಿತು. ಸಿಲ್ವರ್‌ಸೀ, ಸೀಬೋರ್ನ್, ರೀಜೆಂಟ್‌ನಂಥ ದುಬಾರಿ ಕಂಪನಿಗಳು ಟಿಕೆಟಿನೊಳಗೇ ಎಲ್ಲ ಸೇರಿಸಿಬಿಡುತ್ತವೆ. ಮುಂದಿನ ಸಲ ಅಂಥ ಹಡಗು ಆರಿಸಿಕೊಳ್ಳಿ, ಅದು ಕಂಪನಿಗೆ ಕೇಳಿಸುವ ಪ್ರತಿಭಟನೆ. ಕೌಂಟರಿನಲ್ಲಿ 504 ಡಾಲರ್ ತೆಗೆಸಿದರೆ ಕಂಪನಿಯ ಕಿವಿಗೆ ಏನೂ ಬೀಳುವುದಿಲ್ಲ. ಕೆಳಗಿನ ಲಾಂಡ್ರಿಯಲ್ಲಿ ಕೇಳಿಸುತ್ತದೆ.

ತೆಗೆಸಿ ಕೈಗೇ ಕೊಡುತ್ತೇನೆ ಎನ್ನುವವರಿಗೆ ಇನ್ನೊಂದು ವಿಷಯ ಗೊತ್ತಿರುವುದಿಲ್ಲ. ಹಲವು ಕಂಪನಿಗಳಲ್ಲಿ ಒಂದು ನಿಯಮವಿದೆ: ಪ್ರಯಾಣಿಕ ಖಾತೆಯ ಗ್ರಾಚ್ಯುಯಿಟಿಯನ್ನು ತೆಗೆಸಿದ್ದರೆ, ಅವನು ಕೈಗೆ ಕೊಟ್ಟ ನಗದನ್ನು ಸಿಬ್ಬಂದಿ ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ, ಎಲ್ಲರ ಪಾಲಿಗೆ ಸೇರಿಸಬೇಕು. ತೆಗೆಸಿಲ್ಲದಿದ್ದರೆ ನೀವು ಮೇಲೆ ಕೊಟ್ಟ ಹತ್ತು ಡಾಲರ್ ಪೂರ್ತಿ ಅವನದೇ. ಅಂದರೆ ‘ನೇರವಾಗಿ ಅವನ ಕೈಗೇ’ ಎಂದು ನೀವು ಮಾಡಿದ್ದು ಅವನ ಕೈಯಲ್ಲಿ ನಿಲ್ಲುವುದೇ ಇಲ್ಲ. ಕೆಲವು ಕಡೆ ಈ ಶುಲ್ಕ ಕಡ್ಡಾಯ, ತೆಗೆಸಲು ಬರುವುದಿಲ್ಲ ಎನ್ನುವುದೂ ಗೊತ್ತಿರಲಿ.

ಕೊನೆಯ ರಾತ್ರಿ ಕೌಂಟರಿನ ಮುಂದಿನ ಸಾಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತೆಗೆಸಲು ಬಂದವರು ಮೊದಲು ಅಕ್ಕಪಕ್ಕ ನೋಡುತ್ತಿದ್ದರು, ಆಮೇಲೆ ದನಿ ತಗ್ಗಿಸುತ್ತಿದ್ದರು. ‘ನಾವು ಅವನಿಗೆ ಕೈಯಲ್ಲೇ ಕೊಟ್ಟಿದ್ದೇವೆ’ ಎನ್ನುತ್ತಿದ್ದರು. ಕೊಟ್ಟವರೂ ಇದ್ದರು, ಇಲ್ಲ ಎನ್ನಲಾರೆ. ಆದರೆ ಕೇಳಿದವರು ‘ಎಷ್ಟು ಕೊಟ್ಟಿರಿ’ ಎಂದರೆ ಹೇಳಲಾಗದಷ್ಟೇ ಕೊಟ್ಟವರು ಹೆಚ್ಚು. ಸೇವೆ ಸರಿಯಿಲ್ಲ ಎಂದು ತೆಗೆಸುವವರಿಗೆ ನನ್ನ ಮಾತು ಬೇರೆ. ಕ್ಯಾಬಿನ್ ಗಲೀಜಾಗಿದ್ದರೆ ಎರಡನೆಯ ದಿನವೇ ಕೌಂಟರಿಗೆ ಬಂದು ಹೇಳಿ, ಅವತ್ತೇ ಸರಿಹೋಗುತ್ತದೆ. ಏಳು ದಿನ ಸುಮ್ಮನಿದ್ದು ಕೊನೆಯ ರಾತ್ರಿ ಹಣ ತೆಗೆಸಿದರೆ ನಿಮ್ಮ ಕ್ಯಾಬಿನ್ನೂ ಶುಚಿಯಾಗಲಿಲ್ಲ, ತಪ್ಪು ಮಾಡಿದವನಿಗೂ ತಪ್ಪು ತಿಳಿಯಲಿಲ್ಲ.

ಈಗ ಅತ್ತೆಯವರ ಮಾತಿಗೆ ಬರೋಣ. ಉಡುಗೊರೆಯ ಕಷ್ಟ ಅರ್ಥವಾಗಬೇಕಾದರೆ ಹಡಗಿನವರ ಕ್ಯಾಬಿನ್ನೊಳಗೆ ಒಂದು ಸಲ ಇಣುಕಿ ನೋಡಬೇಕು. ಮೇಲೊಂದು ಕೆಳಗೊಂದು ಮಂಚ, ಇಬ್ಬರು ಒಟ್ಟಿಗೆ ನಿಂತರೆ ಒಬ್ಬ ಮಂಚ ಹತ್ತಬೇಕು. ಒಬ್ಬೊಬ್ಬರಿಗೆ ಒಂದು ಇಕ್ಕಟ್ಟಾದ ಕಪಾಟು, ಮಂಚದ ಕೆಳಗೊಂದು ಡ್ರಾಯರ್. ಒಂಬತ್ತು ತಿಂಗಳ ಬಟ್ಟೆ, ಮೂರು ಜೊತೆ ಯೂನಿಫಾರಂ, ಶೂ, ಶಾಂಪೂ, ಪೊಟ್ಟಣದ ನೂಡಲ್ಸ್, ಮನೆಯವರ ಫೋಟೊ, ಎಲ್ಲವೂ ಅಷ್ಟರಲ್ಲೇ. ನಾನು ಸ್ಟೀವರ್ಡ್ ಆಗಿದ್ದಾಗ ನನ್ನ ಡ್ರಾಯರಿನಲ್ಲಿ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಮೂವತ್ತಕ್ಕೂ ಹೆಚ್ಚಿದ್ದವು. ನನ್ನ ಹತ್ತಿರ ಫ್ರಿಜ್ಜೇ ಇರಲಿಲ್ಲ.

ಮನೆಗೆ ಹೊರಡುವ ದಿನದ ದೃಶ್ಯ ಇನ್ನೂ ಚೆನ್ನ. ಸಿಬ್ಬಂದಿಯ ಡೆಕ್ಕಿನಲ್ಲಿ ಹಡಗಿನ ಈ ತುದಿಯಿಂದ ಆ ತುದಿಗೆ ಒಂದು ಉದ್ದನೆಯ ಓಣಿ ಇರುತ್ತದೆ. ಅಮೆರಿಕದ ಕಡೆಯ ಹಡಗುಗಳಲ್ಲಿ ಅದಕ್ಕೆ ‘ಐ-95’ ಎನ್ನುತ್ತಾರೆ, ಅಲ್ಲಿನ ಹೆದ್ದಾರಿಯ ಹೆಸರು. ನಮ್ಮ ಹಡಗಿನಲ್ಲಿ ಆ ಓಣಿಯ ಒಂದು ಮೂಲೆಯಲ್ಲಿ ತೂಕದ ಯಂತ್ರವಿತ್ತು. ವಿಮಾನದಲ್ಲಿ ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ ಮಿತಿ. ನನ್ನ ಜೊತೆಗೆ ಕ್ಯಾಬಿನ್ ಹಂಚಿಕೊಂಡಿದ್ದ ಹುಡುಗ ಪೆಟ್ಟಿಗೆ ಇಟ್ಟ, 27 ತೋರಿಸಿತು. ಓಣಿಯಲ್ಲೇ ಕೂತು ಪೆಟ್ಟಿಗೆ ಬಿಚ್ಚಿದ. ಎರಡು ಕಾಫಿ ಮಗ್ಗು ಹೊರಗೆ ಬಂದವು, ಯಾವುದೋ ಊರಿನ ಹೆಸರಿದ್ದ ಟೋಪಿ ಬಂತು, ಮೊಲದ ಗೊಂಬೆ ಬಂತು, ಗಾಜಿನ ಫೋಟೊ ಚೌಕಟ್ಟು ಬಂತು. ಎಲ್ಲವೂ ಪ್ರೀತಿಯಿಂದಲೇ ಕೊಟ್ಟದ್ದು. ಗೊಂಬೆಯನ್ನು ಎರಡು ಸಲ ಒಳಗಿಟ್ಟ, ಎರಡು ಸಲ ತೆಗೆದ. ಮೂರನೆಯ ಸಲ ಮಗಳಿಗೆಂದು ಅಂಗಡಿಯಲ್ಲಿ ತಾನೇ ಕೊಂಡಿದ್ದ ಶೂಗಳನ್ನು ಕೈಚೀಲಕ್ಕೆ ಹಾಕಿಕೊಂಡು ಗೊಂಬೆಗೆ ಜಾಗ ಮಾಡಿದ. ಮಗ್ಗು, ಚೌಕಟ್ಟು ಅಲ್ಲೇ ಗೋಡೆಯ ಪಕ್ಕ ಉಳಿದವು. ಬೇಕಾದವರು ಎತ್ತಿಕೊಳ್ಳಲಿ ಎಂದು ಹಾಗೆ ಬಿಟ್ಟುಹೋದ ವಸ್ತುಗಳ ಸಾಲು ಪ್ರತಿ ಇಳಿಯುವ ದಿನವೂ ಇರುತ್ತಿತ್ತು.

ಅವನ ಅಂಗಿಯ ಜೇಬಿನಲ್ಲಿದ್ದ ನೋಟುಗಳನ್ನು ಮಾತ್ರ ಯಾರೂ ತೂಕಕ್ಕಿಡಲಿಲ್ಲ.

ತೂಕ, ಜಾಗ ಇವಿಷ್ಟೇ ಆದರೆ ಹೇಗೋ ಸುಧಾರಿಸಬಹುದು. ನಿಯಮಗಳೂ ಅಡ್ಡ ಬರುತ್ತವೆ. ಮನೆಯಲ್ಲಿ ಮಾಡಿದ ತಿಂಡಿಯನ್ನು ದಯವಿಟ್ಟು ತರಬೇಡಿ. ಹಡಗಿಗೆ ಆಹಾರ ತರುವುದರ ಮೇಲೆಯೇ ನಿರ್ಬಂಧವಿರುತ್ತದೆ, ಹೊಟ್ಟೆಯ ಸೋಂಕು ಹಡಗಿನಲ್ಲಿ ಕಾಳ್ಗಿಚ್ಚಿನ ಹಾಗೆ ಹಬ್ಬುತ್ತದೆ. ಅಮೆರಿಕದ ಬಂದರಿಗೆ ಬರುವ ಹಡಗುಗಳನ್ನು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಆರೋಗ್ಯಾಧಿಕಾರಿಗಳು ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಿ ನೂರಕ್ಕೆ ಅಂಕ ಕೊಡುತ್ತಾರೆ, 85 ಬಂದರೂ ಫೇಲು. ಅಂಥ ಕಡೆ ಮನೆಯ ಡಬ್ಬಿ ಹಿಡಿದು ಓಡಾಡಿದರೆ ಸ್ಟೀವರ್ಡಿಗೇ ತಾಪತ್ರಯ. ಮದ್ಯವೂ ಬೇಡ. ನಾವಿಕರ ರಕ್ತದಲ್ಲಿ ಮದ್ಯದ ಪ್ರಮಾಣಕ್ಕೆ ಅಂತರರಾಷ್ಟ್ರೀಯ ಮಿತಿಯೇ 0.05 ಶೇಕಡಾ, ಕಂಪನಿಗಳು ಇನ್ನೂ ಬಿಗಿ ಮಾಡಿಕೊಂಡಿರುತ್ತವೆ. ಕ್ಯಾಬಿನ್ ತಪಾಸಣೆಯಲ್ಲಿ ಬಾಟಲಿ ಸಿಕ್ಕಿ ಕೆಲಸ ಕಳೆದುಕೊಂಡು ಮುಂದಿನ ಬಂದರಿನಲ್ಲೇ ಇಳಿದುಹೋದವರನ್ನು ನಾನು ಕಂಡಿದ್ದೇನೆ. ಕೊಟ್ಟವರು ಆಗ ಮನೆ ಸೇರಿರುತ್ತಾರೆ. ಮೇಣದ ಬತ್ತಿ, ನೀರು ಕಾಯಿಸುವ ಕೆಟಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ಬೇಡ. ಹಡಗಿನ ವಿದ್ಯುತ್ ಜೋಡಣೆಯೇ ಬೇರೆ ಥರದ್ದು. ಆ ಬೋರ್ಡ್‌ಗಳಿಂದ ಬೆಂಕಿಯ ಅಪಾಯವಿದೆ ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಎಚ್ಚರಿಸಿತ್ತು. ಗಿಫ್ಟ್ ಕಾರ್ಡ್ ಜಾಣತನದ ಉಡುಗೊರೆಯಂತೆ ಕಾಣುತ್ತದೆ. ಆದರೆ ಕಾರ್ಡು ನಡೆಯುವುದು ಸಾಮಾನ್ಯವಾಗಿ ಕೊಂಡ ದೇಶದಲ್ಲಿ ಮಾತ್ರ, ಹಡಗು ಮುಂದಿನ ತಿಂಗಳು ಇನ್ನೊಂದು ಸಮುದ್ರದಲ್ಲಿರಬಹುದು.

ಇಳಿಯುವ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಹಿಡಿಸದ ಸನ್‌ಸ್ಕ್ರೀನ್, ಅರ್ಧ ಮುಗಿದ ಶಾಂಪೂ, ಹಳೆಯ ಚಪ್ಪಲಿ ಇವನ್ನು ‘ಹುಡುಗ ಬಳಸಿಕೊಳ್ಳಲಿ’ ಎಂದು ಬಿಟ್ಟು ಹೋಗುವವರು ಬಹಳ. ಅದು ಉಡುಗೊರೆಯಲ್ಲ, ನಿಮ್ಮ ಕಸವನ್ನು ಅವನಿಂದ ಹೊರಿಸಿದ್ದು. ಇಷ್ಟು ಖಾರವಾಗಿ ಹೇಳಿದ್ದಕ್ಕೆ ಕ್ಷಮಿಸಿ, ಐದು ವರ್ಷ ಹೊತ್ತವನು ನಾನು. ಒಳ್ಳೆಯ ವಸ್ತುವನ್ನೇ ಬಿಟ್ಟು ಹೋದರೂ ಒಂದು ತೊಡಕಿದೆ. ಕ್ಯಾಬಿನ್ನಿನಲ್ಲಿ ಸಿಕ್ಕಿದ್ದೆಲ್ಲ ಮರೆತುಹೋದ ಸಾಮಾನು ಎಂದು ಲೆಕ್ಕ, ಅದನ್ನು ಒಪ್ಪಿಸಬೇಕು. ಒಪ್ಪಿಸದೆ ತನ್ನ ಕ್ಯಾಬಿನ್ನಿನಲ್ಲಿ ಇಟ್ಟುಕೊಂಡರೆ ಕಳ್ಳತನದ ಮಾತು ಬರುತ್ತದೆ. ಹಾಗಾಗಿ ವಸ್ತು ಏನೇ ಕೊಟ್ಟರೂ ಒಂದು ಚೀಟಿ ಬರೆಯಿರಿ: ಇಂಥವರಿಗೆ, ಇಂಥ ವಸ್ತು, ಇಂಥ ಕ್ಯಾಬಿನ್ನಿನವರು ಉಡುಗೊರೆಯಾಗಿ ಕೊಟ್ಟಿದ್ದೇವೆ ಎಂದು ಬರೆದು ತಾರೀಕು, ಸಹಿ ಹಾಕಿ. ಸೆಕ್ಯುರಿಟಿಯವರ ಮುಂದೆ ಆ ಚೀಟಿಗೆ ಉಡುಗೊರೆಗಿಂತ ಹೆಚ್ಚು ಬೆಲೆ.

ಹಾಗಾದರೆ ಏನೂ ಕೊಡಬಾರದೇ? ಕೊಡಬಹುದು. ಹಗುರವಾಗಿರಬೇಕು, ಬಳಸಿ ಮುಗಿಯುವಂತಿರಬೇಕು, ಸೀಲ್ ಒಡೆದಿರಬಾರದು. ಸ್ಟೀವರ್ಡಿಗೆ ದಿನವಿಡೀ ಕ್ಲೀನಿಂಗ್ ಕೆಮಿಕಲ್‌ನ ಒಡನಾಟ, ಕೈ ಬಿರಿಯುತ್ತದೆ. ಒಮ್ಮೆ ಒಬ್ಬ ವಯಸ್ಸಾದ ಹೆಂಗಸು ಮೂರನೆಯ ದಿನವೇ ಹ್ಯಾಂಡ್ ಕ್ರೀಮಿನ ಟ್ಯೂಬ್ ಕೈಗಿಟ್ಟು, ‘ನಿನ್ನ ಬೆರಳ ಸಂದು ನೋಡಿದೆ’ ಎಂದಿದ್ದರು. ಅವರು ಕೊನೆಯ ದಿನ ಎಷ್ಟು ಡಾಲರ್ ಕೊಟ್ಟರು ಅನ್ನುವುದು ನನಗೆ ನೆನಪಿಲ್ಲ, ಆ ಟ್ಯೂಬಿನ ನೆನಪಿದೆ. ಮೊಬೈಲಿನ ಚಾರ್ಜಿಂಗ್ ಕೇಬಲ್ ಒಳ್ಳೆಯದು. ಚೆನ್ನಾಗಿ ಬರೆಯುವ ಪೆನ್ನು ಒಳ್ಳೆಯದು, ಹಡಗಿನಲ್ಲಿ ಪೆನ್ನು ಯಾರ ಜೇಬಿನಲ್ಲೂ ಎರಡು ದಿನ ನಿಲ್ಲುವುದಿಲ್ಲ. ಪುಟ್ಟ ಪೊಟ್ಟಣಗಳ ಇನ್‌ಸ್ಟಂಟ್ ಕಾಫಿಯೂ ಆದೀತು. ಚಾಕೊಲೇಟನ್ನು ಎಲ್ಲರೂ ಕೊಡುತ್ತಾರೆ, ನೀವೂ ಕೊಟ್ಟರೆ ತಪ್ಪಿಲ್ಲ. ಕೊಡುವುದಾದರೆ ಸೀಲ್ ಒಡೆಯದ ಡಬ್ಬಿಯನ್ನು ಎರಡನೆಯ ಮೂರನೆಯ ದಿನ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಕೊಡಿ. ಬೆಳಗಿನಿಂದ ರಾತ್ರಿಯವರೆಗೆ ದೂರು ಮಾತ್ರ ಕೇಳುವ ಜಾಗ ಅದು, ಅಲ್ಲಿ ಒಂದು ಡಬ್ಬಿ ಚಾಕೊಲೇಟು ಮಾಡುವ ಕೆಲಸ ನೋಟೂ ಮಾಡಲಾರದು.

ಅವಮಾನದ ವಿಚಾರ. ಅತ್ತೆಯವರ ಅಂಜಿಕೆ ಎಲ್ಲಿಂದ ಬಂತು ಎಂದು ಗೊತ್ತಾಗುತ್ತದೆ. ಮನೆಗೆ ಬಂದವರ ಕೈಗೆ ದುಡ್ಡಿಟ್ಟರೆ ಅವಮಾನವೇ. ಆದರೆ ಸ್ಟೀವರ್ಡ್ ನಿಮ್ಮ ಮನೆಗೆ ಬಂದ ನೆಂಟನಲ್ಲ, ಸಂಸಾರ ನಡೆಸಲು ಸಮುದ್ರಕ್ಕೆ ಬಂದ ಕೆಲಸಗಾರ. ಅವನಿಗೆ ನೋಟು ಎಂದರೆ ಮಗಳ ಶಾಲೆಯ ಫೀಸು. ನೋವಾಗುವುದು ನೋಟಿನಿಂದಲ್ಲ, ಕೊಡುವ ರೀತಿಯಿಂದ. ಬೆರಳ ತುದಿಯಲ್ಲಿ ಹಿಡಿದು ಬೇರೆ ಕಡೆ ನೋಡುತ್ತ ಕೊಡುವವರಿದ್ದಾರೆ. ಎಲ್ಲಕ್ಕಿಂತ ಕೆಟ್ಟದ್ದು ನನಗೆ ಒಮ್ಮೆ ಆದದ್ದು. ಕೊನೆಯ ದಿನ ದಿಂಬಿನ ಕೆಳಗಿಂದ ಇಪ್ಪತ್ತು ಡಾಲರಿನ ನೋಟಿನ ಮೂಲೆ ಇಣುಕುತ್ತಿತ್ತು. ಎಳೆದು ನೋಡಿದರೆ ನೋಟಿನ ಹಾಗೆ ಅಚ್ಚು ಹಾಕಿಸಿದ ಧರ್ಮಬೋಧೆಯ ಕರಪತ್ರ. ಹಿಂಬದಿಯಲ್ಲಿ, ಹಣಕ್ಕಿಂತ ದೊಡ್ಡ ಸಂಪತ್ತು ಇದೆ ಎಂಬರ್ಥದ ಮಾತಿತ್ತು. ಅವರ ಬಚ್ಚಲನ್ನು ಅವತ್ತೂ ತೊಳೆದೆ, ಬೇರೇನು ಮಾಡಲಿ.

ನೋಟಿನ ಬಗ್ಗೆ ಎರಡು ಮಾತು. ಹೊಸದಾಗಿ, ಮಡಿಕೆ ಕಡಿಮೆಯಿರುವ, ಗೀಚಿಲ್ಲದ ನೋಟು ತನ್ನಿ. ಸಿಬ್ಬಂದಿ ಮನೆಗೆ ಹೋಗಿ ಡಾಲರ್ ಬದಲಾಯಿಸುವಾಗ ಹರಿದ, ಮಾಸಿದ, ಪೆನ್ನಿನ ಗುರುತಿರುವ ನೋಟನ್ನು ಎಷ್ಟೋ ದೇಶಗಳ ಮನಿ ಚೇಂಜರ್‌ಗಳು ಮುಟ್ಟುವುದಿಲ್ಲ. ಇಂಡೊನೇಷ್ಯಾದಲ್ಲಂತೂ ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದು, ಎರಡು ಡಾಲರಿನ ನೋಟಿಗೆ ದೊಡ್ಡ ನೋಟಿನಷ್ಟು ದರ ಸಿಗದಿರುವುದೂ ಉಂಟು. ಹಾಗಾಗಿ ಇಪ್ಪತ್ತು ಕೊಡುವುದಾದರೆ ಇಪ್ಪತ್ತರ ಒಂದೇ ನೋಟು ಕೊಡಿ. ಚಿಲ್ಲರೆ ನೋಟು ಬಾರಿನಲ್ಲಿ, ರೂಮ್ ಸರ್ವಿಸಿನವರಿಗೆ ಆಗುತ್ತದೆ. ನಾಣ್ಯ ಬೇಡವೇ ಬೇಡ, ಇನ್ನೊಂದು ದೇಶದಲ್ಲಿ ಅದು ಬರೀ ಲೋಹ. ಹಡಗಿನಲ್ಲಿ ಯಾವ ಕರೆನ್ಸಿ ನಡೆಯುತ್ತದೆ ಎಂದು ಮೊದಲೇ ನೋಡಿಕೊಳ್ಳಿ, ಸಾಮಾನ್ಯವಾಗಿ ಡಾಲರ್ ಇಲ್ಲವೇ ಯೂರೊ ಆಗಿರುತ್ತದೆ. ಅದರದೇ ನೋಟು ತರುವುದು ವಾಸಿ.

ಯಾರಿಗೆ, ಎಷ್ಟು? ಇದಕ್ಕೆ ಕಾನೂನಿಲ್ಲ, ನನ್ನ ಲೆಕ್ಕ ಹೇಳುತ್ತೇನೆ. ಗ್ರಾಚ್ಯುಯಿಟಿ ಕಟ್ಟಿದ ಮೇಲೆ ಒಂದು ಪೈಸೆ ಹೆಚ್ಚು ಕೊಡದಿದ್ದರೂ ನಿಮ್ಮ ಕರ್ತವ್ಯ ಮುಗಿದಿದೆ, ಅದು ಮನಸ್ಸಿನಲ್ಲಿರಲಿ. ಮೇಲೆ ಕೊಡುವುದು ನಿಮ್ಮ ಖುಷಿ. ನೀವು ನಾಲ್ವರು, ಪ್ರಾಯಶಃ ಎರಡು ಕ್ಯಾಬಿನ್. ಎರಡಕ್ಕೂ ಒಬ್ಬನೇ ಸ್ಟೀವರ್ಡ್ ಆಗಿದ್ದರೆ ವಾರಕ್ಕೆ ಮೂವತ್ತು ನಲವತ್ತು ಡಾಲರ್ ಒಳ್ಳೆಯ ಮೊತ್ತ. ಅದರಲ್ಲಿ ಹತ್ತನ್ನು ಮೊದಲ ದಿನವೇ ಹೆಸರು ಕೇಳಿ ಪರಿಚಯ ಮಾಡಿಕೊಳ್ಳುವಾಗ ಕೊಡಿ, ಉಳಿದದ್ದು ಕೊನೆಗೆ. ಮೊದಲ ದಿನ ಕೊಡುವುದು ಲಂಚವಲ್ಲವೇ ಎಂದು ಕೇಳುವವರಿದ್ದಾರೆ. ಅತ್ತೆಯವರಿಗೆ ಇನ್ನೊಂದು ದಿಂಬು, ಮಂಜುಗಡ್ಡೆಯ ಪಾತ್ರೆ, ಹಾಸಿಗೆಗಳನ್ನು ಬೇರೆ ಬೇರೆ ಮಾಡುವುದು, ಇಂಥವನ್ನು ಕೇಳಲು ಸಂಕೋಚ ಹೋಗುತ್ತದೆ ಅಷ್ಟೇ.

ಊಟದ ಹಾಲಿನಲ್ಲಿ ನಿಮಗೆ ನಿಗದಿಯಾದ ಮೇಜಿದ್ದರೆ ವೇಟರಿಗೆ ಇಪ್ಪತ್ತು, ಅಸಿಸ್ಟೆಂಟಿಗೆ ಹತ್ತೋ ಹದಿನೈದೋ. ಇಬ್ಬರಿಗೂ ಬೇರೆ ಬೇರೆ ಕವರು ಕೊಡಿ. ‘ನೀವಿಬ್ಬರೂ ಹಂಚಿಕೊಳ್ಳಿ’ ಎಂದರೆ ಹಂಚುವವನು ಯಾವಾಗಲೂ ದೊಡ್ಡವನೇ. ಕೊನೆಯ ರಾತ್ರಿಯ ಊಟಕ್ಕೆ ಬಫೆಗೆ ಹೋಗಿಬಿಡುತ್ತೀರಾದರೆ ಹಿಂದಿನ ರಾತ್ರಿಯೇ ಕೊಟ್ಟುಬಿಡಿ, ಆಮೇಲೆ ಅವರನ್ನು ಹುಡುಕುವುದು ಕಷ್ಟ. ಕೊನೆಯ ರಾತ್ರಿ ಕಾಣಿಸದೆ ಮಾಯವಾಗುವ ಮೇಜುಗಳನ್ನು ವೇಟರ್‌ಗಳು ಎಣಿಸುತ್ತಾರೆ, ಮಾತಾಡುವುದಿಲ್ಲ. ರೂಮ್ ಸರ್ವಿಸಿನವರು ಬಾಗಿಲಿಗೆ ಬಂದಾಗ ಎರಡು ಮೂರು ಡಾಲರ್ ಕೊಡಿ, ಅದರಲ್ಲೂ ಸರಿರಾತ್ರಿಯಲ್ಲಿ ಬಂದವರಿಗೆ. ಮಗ ಮಕ್ಕಳ ಕ್ಲಬ್ಬಿನಲ್ಲೇ ದಿನ ಕಳೆದರೆ ಅಲ್ಲಿನವರನ್ನು ಮರೆಯಬೇಡಿ. ಕೆಲವು ಕಂಪನಿಗಳಲ್ಲಿ ಅವರಿಗೆ ಗ್ರಾಚ್ಯುಯಿಟಿಯ ಪಾಲು ಬರುವುದಿಲ್ಲ. ಮಗನ ಕೈಯಿಂದ ಒಂದು ಚಿತ್ರ ಬರೆಸಿ, ಅದರ ಜೊತೆ ನೋಟು ಇಟ್ಟು ಅವನೇ ಕೊಡಲಿ.

ಬಾರಿನಲ್ಲಿ, ಸ್ಪಾದಲ್ಲಿ ಹೆಚ್ಚು ಕಡಿಮೆ 18ರಿಂದ 20 ಶೇಕಡಾ ಬಿಲ್ಲಿನಲ್ಲೇ ಸೇರಿರುತ್ತದೆ. ಅದರ ಕೆಳಗೆ ಖಾಲಿ ಬಿಟ್ಟ ‘ಟಿಪ್’ ಸಾಲು ಕಂಡು ಮತ್ತೆ ಇಪ್ಪತ್ತು ಶೇಕಡಾ ಬರೆದು ಬೆಪ್ಪಾದವರು ಬಹಳ ಜನ. ಬಿಲ್ಲು ಓದಿ ಸಹಿ ಹಾಕಿ. ಬಿಳಿ ಯೂನಿಫಾರಂ ಹಾಕಿ ಭುಜಕ್ಕೆ ಪಟ್ಟಿಯಿರುವ ಅಧಿಕಾರಿಗಳು, ಕ್ಯಾಪ್ಟನ್, ಹಾಡುವ ಕುಣಿಯುವ ಕಲಾವಿದರು, ಇವರಿಗೆ ಹಣ ಕೊಡುವ ರೂಢಿಯಿಲ್ಲ. ಬಂದರಿನ ಬಾಗಿಲಲ್ಲಿ ಪೆಟ್ಟಿಗೆ ಇಸಿದುಕೊಳ್ಳುವ ಪೋರ್ಟರ್‌ಗಳು ಹಡಗಿನವರಲ್ಲ, ಬಂದರಿನ ಕೆಲಸಗಾರರು. ಅಮೆರಿಕದ ಬಂದರಾದರೆ ಪೆಟ್ಟಿಗೆಗೆ ಒಂದೋ ಎರಡೋ ಡಾಲರ್ ಕೊಡುವುದು ವಾಡಿಕೆ, ಅದಕ್ಕೆ ಚಿಲ್ಲರೆ ನೋಟು ಮೇಲಿನ ಜೇಬಿನಲ್ಲೇ ಇರಲಿ.

ಖರ್ಚಿಲ್ಲದ ಒಂದು ಉಡುಗೊರೆಯನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಪ್ರವಾಸ ಮುಗಿದ ಮೇಲೆ ಕಂಪನಿಯಿಂದ ಒಂದು ಸರ್ವೆ ಇಮೇಲಿನಲ್ಲಿ ಬರುತ್ತದೆ. ಅದರಲ್ಲಿ ‘ಎಲ್ಲರೂ ಚೆನ್ನಾಗಿ ನೋಡಿಕೊಂಡರು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಹೆಸರು, ಕೆಲಸದ ಜಾಗ, ಏನು ಮಾಡಿದರು, ಈ ಮೂರೂ ಬೇಕು. ಹೆಸರಿನ ಕಾಗುಣಿತ ತಪ್ಪದಂತೆ ಎದೆಯ ಮೇಲಿನ ನೇಮ್ ಬ್ಯಾಡ್ಜಿನ ಫೋಟೊವನ್ನು ಅವರನ್ನು ಕೇಳಿ ತೆಗೆದುಕೊಳ್ಳಿ. ನಾನು ಸ್ಟೀವರ್ಡ್ ಕೆಲಸದಿಂದ ಕೌಂಟರಿಗೆ ಬರಲು ಅರ್ಜಿ ಹಾಕಿದಾಗ ಸೂಪರ್‌ವೈಸರ್ ಎದುರಿಗಿಟ್ಟುಕೊಂಡು ಕೂತಿದ್ದು ಇಂಥ ಹಾಳೆಗಳ ಕಟ್ಟನ್ನೇ. ಅದರಲ್ಲಿ ಒಂದನ್ನು ಓದಿ ಹೇಳಿದ್ದರು: ನಮ್ಮ ತಂದೆಯ ಊರುಗೋಲು ಪ್ರತಿ ರಾತ್ರಿ ಅವರ ಕೈಗೆಟುಕುವ ಕಡೆಗೇ ಇರುತ್ತಿತ್ತು ಎಂದು ಯಾರೋ ಬರೆದಿದ್ದರು. ನಾನು ಅದನ್ನು ಮಾಡಿದ್ದೆನೆಂದು ನನಗೇ ನೆನಪಿರಲಿಲ್ಲ.

ಇನ್ನು ಉಳಿದದ್ದು ಕ್ರೋಶಾ. ಚೀಲ, ಟೋಪಿ, ಮೇಜಿನ ಹಾಸು ಬೇಡವೆಂದು ಅತ್ತೆಯವರಿಗೆ ಹೇಳಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು ಹೆಣೆಯಲಿ, ಒಂದು ಹೂವು, ಒಂದು ಮೀನು, ಕೀ ಗೊಂಚಲಿಗೆ ಸಿಕ್ಕಿಸುವಂಥದ್ದು. ಸ್ಟೀವರ್ಡ್‌ಗಳ ಕಾರ್ಡು ನೇತುಹಾಕುವ ದಾರದಲ್ಲಿ, ಮಂಚದ ಪರದೆಯ ಸರಳಿಗೆ ಅಂಥವು ವರ್ಷಗಟ್ಟಲೆ ತೂಗಾಡುವುದನ್ನು ನೋಡಿದ್ದೇನೆ. ಎಂಟು ಹತ್ತು ಮಾಡಿಕೊಂಡರೆ ಸಾಕು. ಖಾಲಿ ಕವರುಗಳನ್ನು ಮನೆಯಿಂದಲೇ ತನ್ನಿ, ಹಡಗಿನ ಕೌಂಟರಿನಲ್ಲಿ ಕೊನೆಯ ದಿನ ಮುಗಿದುಹೋಗಿರುತ್ತವೆ. ಒಳಗೆ ನೋಟು, ಹೂವು ಮತ್ತು ಎರಡು ಸಾಲಿನ ಚೀಟಿ ಇರಲಿ, ಕವರಿನ ಮೇಲೆ ಅವನ ಹೆಸರು ಮತ್ತು ನಿಮ್ಮ ಕ್ಯಾಬಿನ್ ನಂಬರ್.